ಕೊನೆಯ ಅಧ್ಯಾಯಕ್ಕೆ ಅಡ್ಡ ನಿಂತ ಸಾಫ್ಟ್‌ವೇರು

ಪದ್ಮಾಕ್ಷಮ್ಮನ ಇ-ರೀಡರಿನಲ್ಲಿ ಕಾದಂಬರಿಯ ಕೊನೆಯ ಅಧ್ಯಾಯವೊಂದೇ ಓದಲು ಉಳಿದಿತ್ತು. ಆ ರೀಡರಿಗೆ ಪುಸ್ತಕ ತುಂಬಿಸುವ ಕಂಪ್ಯೂಟರಿನ ಸಾಫ್ಟ್‌ವೇರು, “ಕಪಾಟು ಜೋಡಿಸುತ್ತೇನೆ” ಎಂದು ಆ ಕಾದಂಬರಿಯನ್ನೇ ಅಳಿಸಿಹಾಕಿತು.

“ವಾಪಸು ಕೊಡು,” ಎಂದಿತು ರೀಡರ್.

“ಮೊದಲು ನನ್ನನ್ನು ಅಪ್‌ಡೇಟ್ ಮಾಡಿಸು,” ಎಂದಿತು ಸಾಫ್ಟ್‌ವೇರು.

ಪದ್ಮಾಕ್ಷಮ್ಮ ಮಾಡಿದರು.

“ಈಗ ಪಾಸ್‌ವರ್ಡ್.”

ಕೊಟ್ಟರು.

“ವೈರು ಕಿತ್ತು ಮತ್ತೆ ಚುಚ್ಚಲಿ.”

ಆರು ಸಲ ಚುಚ್ಚಿದರು. “ಇನ್ನೊಂದು ಸಲ, ಅಮ್ಮಾ,” ಎಂದಿತು ರೀಡರ್. ಏಳನೆಯ ಸಲಕ್ಕೆ ಕಾದಂಬರಿ ಬಂತು.

ಸಾಫ್ಟ್‌ವೇರು ಬೀಗಿತು: “ನಾನಿಲ್ಲದಿದ್ದರೆ ನಿನ್ನ ಗತಿಯೇನು? ಇಲ್ಲೇ ನಿಂತು ನನ್ನ ಸೇವೆ ಹೇಗಿತ್ತೆಂದು ನಾಲ್ಕು ಮಾತು ಹೇಳು.”

“ನೀನು ಹೊಸಿಲು ಕಣಯ್ಯಾ,” ಎಂದಿತು ರೀಡರ್. “ ಎಷ್ಟು ಎತ್ತರವಿದ್ದರೂ ದಾಟುತ್ತೇನೆ, ಆದರೆ ಹೊಸಿಲ ಮೇಲೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಅಮ್ಮಾ, ವೈರು ಕೀಳಿ.”