ಕಣ್ಣಿಲ್ಲದ ಗಿಳಿ

ಒಂದಾನೊಂದು ಊರು, ಆ ಊರಿಗೊಂದು ಬಣ್ಣಗಾರರ ಕೇರಿ. ಆ ಕೇರಿಯಲ್ಲಿ ದೇವೀರಮ್ಮ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅವಳು, ಮಗಳು ಹೊಂಬಾಳೆ, ಇಬ್ಬರೇ. ಅರಮನೆಯವರು ಇಸ್ಪೀಟಿನ ಹಾಗೆ ಆಡುವ ದುಂಡನೆಯ ಎಲೆಗಳನ್ನು ಮಾಡುವುದು ಅವರ ಕಸುಬು. ಬಟ್ಟೆಗೆ ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಕತ್ತರಿಸಿ, ಅದರ ಮೇಲೆ ಚಿತ್ರ ಬರೆಯಬೇಕು. ಆನೆಗೆ ಇನ್ನೊಂದು ಆನೆ, ನವಿಲಿಗೆ ಇನ್ನೊಂದು ನವಿಲು, ಎಲ್ಲವೂ ಜೋಡಿ. ತಾಯಿ ಮೈ ಬರೆಯುತ್ತಿದ್ದಳು, ಮಗಳು ಕೊನೆಗೆ ಕಣ್ಣು ಇಡುತ್ತಿದ್ದಳು. ಕಣ್ಣು ಇಡುವವರೆಗೆ ಅದು ಬರೀ ಬಣ್ಣ, ಇಟ್ಟ ಮೇಲೆ ಆನೆ, ನವಿಲು. ಒಂದು ಕಟ್ಟು ಎಲೆಗೆ ಕಣ್ಣಿಡಲು ಕೂತ ಕೈಯೇ ಅದನ್ನು ಮುಗಿಸಬೇಕು, ನಡುವೆ ಕೈ ಬದಲಾಗಬಾರದು. ಇದು ಆ ಕೇರಿಯ ಕಟ್ಟಳೆ.

ಅವತ್ತೂ ಎಲ್ಲ ದಿನದ ಹಾಗೇ ಬೆಳಗಾಗಿತ್ತಂತೆ. ಕಣ್ಣಿಡುತ್ತ ಕೂತಿದ್ದ ಹೊಂಬಾಳೆ ಕುಂಚ ಕೆಳಗಿಟ್ಟು, "ಅವ್ವಾ, ತಲೆ ಸಿಡೀತದೆ, ಒಂಚೂರು ಮಲಗ್ತೀನಿ" ಅಂದಳು. ಮಲಗಿದವಳ ಮೈ ಕಾದ ಹಂಚಾಯಿತು. ಮಾತು ನಿಂತಿತು. ಹೊತ್ತು ಇಳಿಯುವಾಗ ಬಾಗಿಲಲ್ಲಿ ಯಾರೋ ನಿಂತರು. ಓರೆ ಬಿಸಿಲು ಮೈಮೇಲೆ ಬಿದ್ದಿತ್ತು, ನಿಂತವನಿಗೆ ನೆರಳಿರಲಿಲ್ಲ.

"ಗುರುತು ಸಿಕ್ಕಿತೇನವ್ವ?"

ಸಿಕ್ಕದೆ ಏನು. ಗಂಡ ಕಾಯಿಲೆ ಬಿದ್ದು ಮಲಗಿದ್ದಾಗಲೂ ಇವನೇ ಬಂದಿದ್ದ. ಯಾರೋ ದಾರಿಹೋಕ ಅಂದುಕೊಂಡು ದೇವೀರಮ್ಮ ಹೊಸಿಲಿನ ಮೇಲಿಂದಲೇ ಅವನ ಕೈಗೆ ನೀರಿನ ತಂಬಿಗೆ ಕೊಟ್ಟಿದ್ದಳು. ತಿರುಗಿ ನೋಡುವಷ್ಟರಲ್ಲಿ ಗಂಡನ ಉಸಿರು ಹೋಗಿತ್ತು.

"ಜವರಾಯನ ಕಡೆಯವನು ನೀನು. ಈ ಸಲ ಹೊಸಿಲ ಮೇಲೆ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ. ಬೇಕಾದರೆ ಒಳಗೆ ಬಾ."

ಅವನು ನಕ್ಕ. "ಒಳಗೆ ಬಂದರೆ ಬೆಲ್ಲ ಕೊಡ್ತೀಯ, ನೀರು ಕೊಡ್ತೀಯ. ಒಳಗೆ ಕೂತು ನಿನ್ನ ಮನೆ ನೀರು ಕುಡಿದ ನೆಂಟ ನಿನ್ನ ಮಗಳನ್ನ ಒಯ್ಯೋಕಾಗುತ್ತಾ? ನೀನೇ ಹೊರಗೆ ತಾ."

"ನಾನು ಯಾಕೆ ತರಲಿ? ನನಗೇನು ಹುಚ್ಚೇ?"

ಅವನು ಹೊರಗೆ, ಇವಳು ಒಳಗೆ. ಯಾರೂ ಕದಲಲಿಲ್ಲ. ಅವನ ಕಣ್ಣು ಗೋಡೆಯ ಪಕ್ಕದ ಎಲೆಗಳ ಮೇಲೆ ಬಿತ್ತು. ಲೋಕದ ಜೀವಗಳನ್ನೆಲ್ಲ ಕಂಡವನು, ಬಟ್ಟೆಯ ಮೇಲೆ ಜೀವ ಕಂಡು ಬೆರಗಾದನಂತೆ.

"ಹಾಗಾದರೆ ಎಲೆ ಹೇಳಲಿ" ಅಂದ. "ಹೊಸಿಲ ಮೇಲೆ ಒಂದು ಎಲೆ ತೆರೆದಿಡು. ನಿನ್ನ ಕಡೆ ಒಂದು, ನನ್ನ ಕಡೆ ಒಂದು ಬೀಳ್ತಾ ಹೋಗಲಿ. ಅದರ ಜೋಡಿ ಒಳಗೆ ಬಿದ್ದರೆ ನಾನು ಒಳಗೆ ಬಂದು ನೀರು ಕುಡೀತೀನಿ. ಹೊರಗೆ ಬಿದ್ದರೆ ಮಗಳು ಹೊರಗೆ."

ದೇವೀರಮ್ಮ ಒಪ್ಪಿದಳು. ಬೇರೆ ದಾರಿ ಇರಲಿಲ್ಲ. ಎಲೆಗಳನ್ನು ಕಲಸಿ ಒಂದನ್ನು ತೆಗೆದಳು. ಹೊಸಿಲ ಮೇಲೆ ಗಿಳಿ ಬಂತು.

ಒಳಗೆ ಆನೆ. ಹೊರಗೆ ಮೀನು. ಒಳಗೆ ಬಿದ್ದಾಗ ಹೊಂಬಾಳೆ ಉಸಿರು ಎಳೆದುಕೊಳ್ಳುವಳು, ಹೊರಗೆ ಬಿದ್ದಾಗ ಬಿಡುವಳು. ಒಳಗೆ ನವಿಲು, ಹೊರಗೆ ಆಮೆ. ಕೇರಿಯಲ್ಲಿ ಗುಬ್ಬಿ ಕೂಡ ಸದ್ದು ಮಾಡಲಿಲ್ಲವಂತೆ. ಒಳಗೆ, ಹೊರಗೆ. ಒಳಗೆ, ಹೊರಗೆ.

ಹೊರಗೆ ಗಿಳಿ ಬಿತ್ತು.

ಹೊಂಬಾಳೆ ಬಿಟ್ಟ ಉಸಿರು ತಿರುಗಿ ಬರಲಿಲ್ಲ. ಅವನು ಕೈ ಚಾಚಿದ. ದೇವೀರಮ್ಮ ಬಗ್ಗಿ ಹೊರಗಿನ ಎಲೆಯನ್ನು ನೋಡಿದಳು. ಹಸಿರು ರೆಕ್ಕೆ, ಕೆಂಪು ಕೊಕ್ಕು. ಆಗ ನೆನಪಾಯಿತು, ಮಗಳು ಕುಂಚ ಕೆಳಗಿಟ್ಟದ್ದು ಇದೇ ಎಲೆಯ ಹತ್ತಿರ.

"ತಡಿ ಅಪ್ಪಾ. ಇದು ಗಿಳಿಯಲ್ಲ."

"ಮತ್ತೇನು, ಕಾಗೆಯಾ?"

"ಇದಕ್ಕೆ ಕಣ್ಣಿಟ್ಟಿಲ್ಲ. ಕಣ್ಣಿಲ್ಲದ್ದು ಬರೀ ಬಣ್ಣ. ಬೇಕಾದರೆ ಕೇರಿಯಲ್ಲಿ ಯಾರನ್ನಾದರೂ ಕೇಳು."

ಅವನು ಎಲೆಯನ್ನು ಎತ್ತಿ ಬಿಸಿಲಿಗೆ ಹಿಡಿದ. ಬಹಳ ಹೊತ್ತು ನೋಡಿದ. ಜೀವ ಇದೆಯೋ ಇಲ್ಲವೋ ಅನ್ನುವುದು ಅವನಿಗೆ ಗೊತ್ತಾಗದ ಸಂಗತಿಯೇ?

"ಹೌದು" ಅಂದ. "ಕಣ್ಣಿಡು ಮತ್ತೆ. ಆಟ ಮುಗೀಲಿ."

"ನಾನು ಇಡೋ ಹಾಗಿಲ್ಲ. ಈ ಕಟ್ಟಿಗೆ ಕೂತ ಕೈ ಅವಳದು. ಅವಳು ಏಳಬೇಕು."

ಅವನು ಒಳಗೆ ಮಲಗಿದವಳನ್ನು ನೋಡಿದ, ಕೈಯಲ್ಲಿದ್ದ ಎಲೆಯನ್ನು ನೋಡಿದ. ಆಮೇಲೆ ಎಲೆಯನ್ನು ಮೆಲ್ಲಗೆ ಹೊಸಿಲ ಮೇಲಿಟ್ಟ.

"ಏಳಲಿ. ಕಣ್ಣಿಟ್ಟ ದಿನ ಬರ್ತೀನಿ."

ಹೊಂಬಾಳೆ ಉಸಿರು ಎಳೆದುಕೊಂಡಳು. ಸಂಜೆಗೆ ಎದ್ದು ಕೂತು, "ಅವ್ವಾ, ಗಿಳಿ ಒಂದು ಉಳಿದಿತ್ತಲ್ಲ, ಕುಂಚ ಎಲ್ಲಿ?" ಅಂದಳಂತೆ.

"ಇರಲಿ ಬಿಡೆ. ಮೊದಲು ಗಂಜಿ ಕುಡಿ."

ಅರಮನೆಗೆ ಬೇರೆ ಕಟ್ಟು ಬರೆದುಕೊಟ್ಟರು. ಇತ್ತ ಆ ಜವರಾಯನ ಕಡೆಯವನು ಕಾಯುತ್ತ ಕಾಯುತ್ತ, ಹೊತ್ತು ಹೋಗಲಿ ಅಂತ ಹೋದ ಹೋದ ಊರಿನ ಕಟ್ಟೆಯ ಮೇಲೆ ಅದೇ ಆಟ ಹೂಡಿದನಂತೆ. ಕಟ್ಟೆಯಿಂದ ಸಂತೆಗೆ, ಸಂತೆಯಿಂದ ಬಂದರಿಗೆ, ಬಂದರಿನಿಂದ ಹಡಗು ಹತ್ತಿ ಕಡಲಾಚೆಯ ದೀಪ ಝಗಝಗಿಸುವ ಜೂಜಿನ ಮಹಲುಗಳಿಗೆ ಆಟ ಹೋಯಿತು. ಎಲ್ಲಿ ಹೋದರೂ ನಡುವೆ ಒಂದು ಎಲೆ, ಒಳಗೊಂದು, ಹೊರಗೊಂದು. ಎಂಥ ಸಾಹುಕಾರನೇ ಕೂತಿರಲಿ, ಎಲೆ ಬೀಳುವಾಗ ಉಸಿರು ಬಿಗಿಹಿಡಿಯುತ್ತಾನೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ.

ಅವರು ಅಲ್ಲಿ ಬಣ್ಣ ಅರೆಯುತ್ತಿದ್ದಾರೆ, ನಾವು ಇಲ್ಲಿ ಕಥೆ ಕೇಳುತ್ತಿದ್ದೇವೆ. ಆ ಗಿಳಿಗೆ ಇನ್ನೂ ಕಣ್ಣಿಲ್ಲ.