ಹನ್ನೊಂದು ಸಾವಿರ ಹೆಬ್ಬೆಟ್ಟು

ಹೊಳೆದಂಡೆಯ ಆಶ್ರಮದಲ್ಲಿ ನಿರುಪಾದಿ ಅಜ್ಜ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಮೀಸೆ ನರೆತವರು, ಮೊಮ್ಮಕ್ಕಳನ್ನು ಕಂಡವರು, ಹೆಬ್ಬೆಟ್ಟು ಒತ್ತಿ ಒತ್ತಿ ಬೇಸತ್ತವರು ಆಚೆ ದಂಡೆಯಿಂದ ಹರಿಗೋಲು ಹತ್ತಿ ಬರುತ್ತಿದ್ದರು.

ಪಾಟಿಯಿಲ್ಲ, ಪುಸ್ತಕವಿಲ್ಲ. ನಡುವೆ ಒಂದಿಷ್ಟು ಮರಳು. ಅಜ್ಜ ಕಡ್ಡಿಯಿಂದ ಒಂದು ಪದ ಬರೆಯುವರು, ಓದುವರು, ಸುಮ್ಮನಾಗುವರು. ಎದುರಿಗೆ ಕೂತವರು "ಹೂಂ" ಅನ್ನುವ ತನಕ ಕಡ್ಡಿ ಮೇಲೇಳುತ್ತಿರಲಿಲ್ಲ.

ಹೂಂ ಅಂದ ಮಾತ್ರಕ್ಕೂ ಆಗುತ್ತಿರಲಿಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಾರಿಸಿ ನೋಡುವ ಹಾಗೆ ಅಜ್ಜ ಆ ಹೂಂ ಕೇಳುತ್ತಿದ್ದರು.

"ಇದು ಹಸಿದ ಹೂಂ. ಹೋಗು, ಉಂಡು ಬಾ."

"ಇದು ನಾಚಿಕಿ ಹೂಂ. ಇನ್ನೊಮ್ಮೆ ನೋಡು."

ಅವರ ಬಳಿ ಇಂದುಧರ ಎಂಬ ಶಿಷ್ಯನಿದ್ದ. ಬಂದು ಒಂಬತ್ತು ವರ್ಷವಾಗಿತ್ತು. ಅಜ್ಜ ಯಾರಿಗೂ ಸರ್ಟಿಫಿಕೇಟು ಬರೆದು ಕೊಟ್ಟವರಲ್ಲ. ಕಲಿಸುವುದಕ್ಕೆ ತಯಾರಾದವನನ್ನು ಒಂದು ದಿನ "ಮಾಸ್ತರ" ಎಂದು ಕರೆಯುವರು. ಅವತ್ತಿನಿಂದ ಅವನಿಗೆ 'ನೀ' ಹೋಗಿ 'ನೀವು' ಬರುತ್ತಿತ್ತು. ಅಷ್ಟೇ.

ಇಂದುಧರನ ನಂತರ ಬಂದ ಮೂವರು ಮಾಸ್ತರರಾಗಿ ಹೊಳೆ ದಾಟಿ ಹೋಗಿದ್ದರು. ಅವನು ಇನ್ನೂ "ತಮ್ಮಾ" ಆಗಿಯೇ ಉಳಿದಿದ್ದ. ಆ ಒಂದು ಮಾತಿಗೆ ಅವನ ಕಿವಿ ಒಂಬತ್ತು ವರ್ಷದಿಂದ ಬಾಗಿಲು ತೆರೆದು ಕೂತಿತ್ತು.

ಒಂದು ಬೆಳಿಗ್ಗೆ ಅವನು ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ಮರಳಿನ ಮುಂದೆ ನಿಲ್ಲಿಸಿದ.

"ಅಜ್ಜಾರ, ಹರಿಗೋಲಿನಾಗ ಒಂದು ಸಲಕ್ಕ ಆರು ಮಂದಿ ಬರ್ತಾರ. ನಿಮ್ಮ ಪಾಠ ಇದರಾಗ ಹಾಕಿದ್ರ ಊರೂರಿಗೆ ಮುಟ್ಟತೈತಿ."

"ಚಲೋ ಆತು. ಹಾಕು."

ವಾದಕ್ಕೆಂದು ರಾತ್ರಿಯೆಲ್ಲ ಕಟ್ಟಿಟ್ಟುಕೊಂಡಿದ್ದ ಮಾತು ಇಂದುಧರನ ಬಾಯಲ್ಲೇ ಉಳಿಯಿತು.

"ಒಂದು ಕೇಳ್ಲ್ಯಾ?" ಎಂದರು ಅಜ್ಜ. "ಅಲ್ಲಿ ಕುಂತವರು ಹೂಂ ಅಂದದ್ದು ನಮಗ ಹೆಂಗ ಕೇಳಸತೈತಿ?"

"ಅದಕ್ಕೂ ಐತ್ರಿ." ಇಂದುಧರ ಪರದೆಯ ಕೆಳಗಿನ ಗುರುತು ತೋರಿಸಿದ. "ಪಾಠ ಮನಸ್ಸಿಗೆ ಬಂದ್ರ ಇದನ್ನ ಒತ್ತತಾರ. ಲೈಕ್ ಅಂತಾರ ಇದಕ್ಕ."

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು.

"ಹೆಬ್ಬೆಟ್ಟಲ್ಲೇನು ಇದು?"

"ಹೌದ್ರಿ."

"ನಲವತ್ತು ವರ್ಷ ಬಿಡಸಾಕ ಹೆಣಗೇನಿ, ತಮ್ಮಾ. ನೀ ಮತ್ತ ಒತ್ತಸಾಕ ಹೊಂಟಿ."

ಕೂತವರೆಲ್ಲ ನಕ್ಕರು. ಇಂದುಧರನೂ ನಕ್ಕ.

ಅರ್ಧ ತಾಸಿನ ಪಾಠ ಫೋನಿನಲ್ಲಿ ಒಂಬತ್ತು ನಿಮಿಷವಾಗಿ ಹೊರಬಂತು. ಅಜ್ಜ ಪೂರ್ತಿ ನೋಡಿದರು.

"ಉಳಿದದ್ದೇನಾತು?"

"ಏನೂ ಇರಲಿಲ್ಲರಿ ಅದರಾಗ. ನೀವು ಸುಮ್ಮನ ಕುಂತಿದ್ದು, ಇವರು ಹೂಂ ಅಂದಿದ್ದು, ಕೆಮ್ಮಿದ್ದು. ಬರೇ ಖಾಲಿ ಜಾಗ. ಕತ್ತರಿಸಿದೆ. ಮಂದಿಗೆ ತಾಳ್ಮಿ ಇಲ್ಲ, ಅಜ್ಜಾರ. ಒಂದು ಗಳಿಗಿ ಸುಮ್ಮನಿದ್ರ ಮುಂದಿನ ವಿಡಿಯೊಕ್ಕ ಹೋಗಿಬಿಡ್ತಾರ."

"ಕತ್ತರಿಸಿದ್ದು ಎಲ್ಲಿ ಒಗದಿ?"

"ಒಗದಿಲ್ಲರಿ. ಒಂದು ಕಡೆ ಇಟ್ಟೇನಿ."

"ಇಟ್ಟಿರು."

ನಲವತ್ತಾರು ಪಾಠಗಳಾದವು. ಪ್ರತಿ ಪಾಠದ ಕೊನೆಗೂ ಇಂದುಧರ ತನ್ನ ದನಿ ಸೇರಿಸಿದ: 'ಪಾಠ ಇಷ್ಟವಾದರೆ ಹೆಬ್ಬೆಟ್ಟು ಒತ್ತಿರಿ.' ಮಂದಿ ಒತ್ತಿದರು. ನೂರು, ಸಾವಿರ, ಸುಗ್ಗಿ ಮುಗಿಯುವ ಹೊತ್ತಿಗೆ ಒಂದೇ ಪಾಠಕ್ಕೆ ಹನ್ನೊಂದು ಸಾವಿರ.

ಇಂದುಧರ ಫೋನು ಹಿಡಿದು ಅಜ್ಜನ ಮುಂದೆ ನಿಂತ.

"ಹನ್ನೊಂದು ಸಾವಿರ ಆತ್ರಿ, ಅಜ್ಜಾರ."

ಹೇಳಿದವನು ಕದಲಲಿಲ್ಲ. ಯಾವ ಮಾತಿಗೆ ಕಾಯುತ್ತಿದ್ದಾನೆಂದು ಅಜ್ಜನಿಗೂ ಗೊತ್ತಿತ್ತು.

"ಅದರಾಗ ಓದಾಕ ಬಂದವರು ಎಷ್ಟು ಮಂದಿ, ತಮ್ಮಾ?"

"ಅದು ಇದರಾಗ ತಿಳಿಯಂಗಿಲ್ಲರಿ."

"ಒಬ್ಬರನ್ನ ತೋರಸು. ಆಮ್ಯಾಗ ಮಾತಾಡೂಣು."

ಹುಡುಕಿಕೊಂಡು ಹೋಗುವ ಕೆಲಸ ಬೀಳಲಿಲ್ಲ. ನಾಲ್ಕನೆಯ ದಿನ ಒಬ್ಬ ಹೆಣ್ಣುಮಗಳು ಹರಿಗೋಲಿನಿಂದ ಇಳಿದಳು. ಕಂಕುಳಲ್ಲಿ ಚೀಲ, ಚೀಲದಲ್ಲಿ ಫೋನು ಮತ್ತು ಮಡಿಸಿದ ಒಂದು ಹಾಳೆ. ಹುಲಿಗೆವ್ವ ಅಂತ ಹೆಸರು. ಆಚೆ ದಂಡೆಯ ಊರಿನ ಪಂಚಾಯ್ತಿ ಅಧ್ಯಕ್ಷೆ.

"ನಿಮ್ಮ ನಲವತ್ತಾರೂ ಪಾಠ ಕೇಳೇನಿ, ಎಪ್ಪಾ," ಎಂದು ಅಜ್ಜನಿಗೆ ಕೈಮುಗಿದಳು. "ಎಲ್ಲಾದಕ್ಕೂ ಹೆಬ್ಬೆಟ್ಟು ಒತ್ತೇನಿ."

ಇಂದುಧರನ ಮುಖ ಅರಳಿತು. ಮರಳು ಸವರಿ ಬರೆದ: ಅಕ್ಕ, ಅಜ್ಜ, ಅಪ್ಪ, ಅವ್ವ. "ಓದ್ರಿ, ಅಕ್ಕಾರ."

ಹುಲಿಗೆವ್ವ ನಿಲ್ಲದೆ ಓದಿದಳು. "ಅಕ್ಕ, ಅಜ್ಜ, ಅಪ್ಪ, ಅವ್ವ. ಪಾಠ ಇಷ್ಟವಾದರೆ ಹೆಬ್ಬೆಟ್ಟು ಒತ್ತಿರಿ."

ಅಜ್ಜ ಅಂಗೈಯಿಂದ ಮೂರು ಪದ ಅಳಿಸಿ 'ಅಪ್ಪ' ಒಂದನ್ನೇ ಉಳಿಸಿದರು.

"ಇದು?"

"ಅಕ್ಕ," ಎಂದಳು ಹುಲಿಗೆವ್ವ. ಅಜ್ಜನ ಮುಖ ನೋಡಿದಳು. "ಅಲ್ಲೇನು? ಅಜ್ಜ?"

ಯಾರೂ ನಗಲಿಲ್ಲ. ಇಂದುಧರ ಕಡ್ಡಿ ಕೆಳಗಿಟ್ಟ.

"ಗೊತ್ತಾಗೇತಿ ನನಗ," ಎಂದಳು ಅವಳು. "ಅದಕ್ಕ ಬಂದೇನಿ. ಹೆಸರು ಬರಿಯೂದೊಂದಽ ಕೈಗೆ ಕುಂತೈತಿ. ಹೋದ ತಿಂಗಳು ಸಭಾದಾಗ ಸೆಕ್ರೆಟ್ರಿ ಈ ಹಾಳಿ ಇಟ್ಟ. ನೋಡಿದೆ. ನಡುವ 'ನಳ' ಅಂತಿತ್ತು. ನಿಮ್ಮ ಮೂರನೇ ಪಾಠದಾಗಿನ ನಳ. ನಮ್ಮ ಓಣಿಗೆ ಇನ್ನೊಂದು ನೀರಿನ ನಳ ಬಂತು ಅಂತ ಹಿಗ್ಗಿ ಸಹಿ ಮಾಡಿದೆ. ಇದ್ದ ನಳ ಕಿತ್ತು ಬಸ್‌ಸ್ಟ್ಯಾಂಡಿಗೆ ಹಾಕೂದಂತ ಅದು. ಈಗ ಓಣ್ಯಾಗಿನ ಹೆಂಗಸರು ಕೊಡ ಕುಕ್ಕಿ ಮಾತಾಡಸ್ತಾರ ನನ್ನ."

"ಯಾರನ್ನರ ಕೇಳಬೇಕಿತ್ತಲ್ಲ, ಅಕ್ಕಾರ," ಎಂದ ಇಂದುಧರ.

"ಹೆಬ್ಬೆಟ್ಟು ಇದ್ದಾಗ ಕೇಳತಿದ್ದೆ, ಯಣ್ಣಾ. ನಾಕು ಮಂದಿ ಕಡೆ ಓದಿಸಿ ಒತ್ತತಿದ್ದೆ. ಈಗ ಸಹಿ ಮಾಡ್ತೀನಿ. ಅಧ್ಯಕ್ಷರಿಗೆ ಓದಾಕ ಬರತೈತಿ ಅಂತಾರ ಎಲ್ಲಾರೂ. ಏನಂತ ಕೇಳ್ಲಿ?"

ಹರಿಗೋಲಿನವನು ದಂಡೆಯಿಂದ ಕೂಗಿದ. ಹುಲಿಗೆವ್ವ ಹಾಳೆ ಬಿಚ್ಚಿದಳು.

"ಹದಿನೈದು ದಿನಕ್ಕ ಮತ್ತ ಸಭಾ ಐತಿ. ನಳ ಇನ್ನೂ ಕಿತ್ತಿಲ್ಲ, ಪೈಪು ಕೀಳೂ ಹಾಳಿ ಅವತ್ತು ಇಡ್ತಾರ. ಇದನ್ನ ಓದಿ ಹೇಳ್ರಿ ಎಪ್ಪಾ, ಬಾಯಿಪಾಠ ಮಾಡ್ತೀನಿ."

"ಇವತ್ತು ನಾ ಓದಿದರ ಅವತ್ತಿನ ಹಾಳಿ ಯಾರು ಓದ್ತಾರ, ಯವ್ವಾ?" ಅಜ್ಜ ಇಂದುಧರನ ಕಡೆ ತಿರುಗಿದರು. "ಈಕಿಗೆ ನೀ ಕಲಸು."

"ದಿನಾ ಬರಾಕ ಆಗಂಗಿಲ್ಲ ನನಗ," ಎಂದಳು ಹುಲಿಗೆವ್ವ. "ಹೊಲ ಐತಿ, ಪಂಚಾಯ್ತಿ ಐತಿ."

"ಯಾಕ ಬರಬೇಕು? ನಿನ್ನ ಚೀಲದಾಗ ಐತಲ್ಲ ಅದು, ಹೋಗೂದೂ ಬರೂದೂ ಎರಡೂ ಮಾಡತೈತಿ." ಅಜ್ಜ ಫೋನು ತೋರಿಸಿದರು. "ಇಂವ ಹರಿಗೋಲು ಹೋಗಾಕಷ್ಟಽ ಬಿಟ್ಟಿದ್ದ, ಬರಾಕ ಬಿಟ್ಟಿರಲಿಲ್ಲ."

ಮರುದಿನ ಬೆಳಿಗ್ಗೆ ಏಳಕ್ಕೆ ಇಂದುಧರ ಒಂದು ತಟ್ಟೆ ಮರಳು ಇಟ್ಟುಕೊಂಡು, ಸಿಗ್ನಲ್ ಸಿಗುವ ಆಶ್ರಮದ ಮೇಲಿನ ಮೆಟ್ಟಿಲಲ್ಲಿ ಕೂತ. ಪರದೆಯ ಮೇಲೆ ಹುಲಿಗೆವ್ವನ ಮುಖ ಮೂಡಿತು, ಹಿಂದೆ ಎಮ್ಮೆಯ ಕೊಂಬು. ಅವನು 'ಅಪ್ಪ' ಬರೆದು ತೋರಿಸಿದ. ಅವಳು ನೋಡಿದಳು. ನೋಡುತ್ತಲೇ ಇದ್ದಳು. ಎರಡು ಉಸಿರಿನ ಮೇಲೆ ಅವನಿಗೆ ತಡೆಯಲಿಲ್ಲ.

"ಅಪ್ಪ," ಎಂದುಬಿಟ್ಟ.

ಅವನ ಹಿಂದೆ ಕಣ್ಣು ಮುಚ್ಚಿ ಕೂತಿದ್ದ ಅಜ್ಜ ಅಂದರು: "ಆಕಿ ಬಾಯಾಗಿನ ತುತ್ತು ನೀ ಯಾಕ ತಿಂದಿ?"

ಎರಡನೆಯ ದಿನ ಅವನು ತುಟಿ ಕಚ್ಚಿ ಕೂತ.

ಮೂರನೆಯ ದಿನ "ಹೂಂ" ಬಂತು. ಹಿಗ್ಗಿ ಮುಂದಿನ ಪದಕ್ಕೆ ಕಡ್ಡಿ ಎತ್ತಿದವನು ತಡೆದ. ಮನಸ್ಸಿನಲ್ಲೇ ಆ ಹೂಂ ಬಾರಿಸಿ ನೋಡಿದ. ಒಡಕು ದನಿ.

"ಇನ್ನೊಮ್ಮೆ ನೋಡ್ರಿ, ಅಕ್ಕಾರ."

"ಹೆಂಗ ಗೊತ್ತಾತು ನಿನಗ?" ಎಂದು ಅವಳು ನಕ್ಕಳು.

ಆರನೆಯ ದಿನ ಪರದೆ ನಿಂತುಹೋಯಿತು. ಮುಖ ಅಲುಗಲಿಲ್ಲ, ದನಿಯಿಲ್ಲ. ನೆಟ್‌ವರ್ಕ್ ಹೋಯಿತೆಂದು ಅವನು ಫೋನನ್ನು ಬಡಿಯಲು ಹೋದ. ಅವಳ ಹಿಂದೆ ಎಮ್ಮೆ ಕಿವಿ ಆಡಿಸಿತು. ಫೋನು ನಿಂತಿರಲಿಲ್ಲ. ಹುಲಿಗೆವ್ವ ಯೋಚನೆ ಮಾಡುತ್ತಿದ್ದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಹನ್ನೆರಡನೆಯ ದಿನ ಅವಳು ತನ್ನದೇ ಹಾಳೆ ಬಿಚ್ಚಿ ಕೂತಳು. "ನಳ" ಆಯಿತು. ಅದರ ಪಕ್ಕದ ಪದ ಅವನು ಕಲಿಸಿದ್ದಲ್ಲ. ಬೆರಳಿಟ್ಟಳು. "ಸ್ಥ..." ಎಂದಳು. ಒಂದು ಎತ್ತಿನ ಗಾಡಿ ಅವಳ ಮನೆಯ ಮುಂದೆ ಬಂದು ದಾಟಿ ಹೋಗುವಷ್ಟು ಹೊತ್ತು. "ಸ್ಥಳಾಂ... ಸ್ಥಳಾಂತರ."

ಇಂದುಧರ ಪರದೆಯ ಕಡೆ ಇನ್ನಷ್ಟು ಬಾಗಿದ.

"ಹೂಂ," ಎಂದಳು ಹುಲಿಗೆವ್ವ ಮೆಲ್ಲಗೆ. "ಇದಕ್ಕ ನಾ ಸಹಿ ಮಾಡಿದ್ದು."

ಬಾರಿಸಿ ನೋಡಬೇಕಾದ ಹೂಂ ಆಗಿರಲಿಲ್ಲ ಅದು.

ಸಭೆಯ ದಿನ ಸಂಜೆ ಅವಳೇ ಫೋನು ಮಾಡಿದಳು.

"ಸೆಕ್ರೆಟ್ರಿ ಹಾಳಿ ಇಟ್ಟು ಸಹಿ ಅಂದ. ಓದ್ತೀನಿ ಅಂದೆ. ಒಂದು ತಾಸು ಹಿಡೀತು, ಯಣ್ಣಾ. ಎರಡು ಸಲ ಚಾ ತರಿಸಿದ್ರು. ಎಲ್ಲಾರೂ ಗಡಿಯಾರ ನೋಡಿದ್ರು, ನಾ ನೋಡಲಿಲ್ಲ."

"ಆಮ್ಯಾಗ?"

"ಊಹೂಂ ಅಂದೆ."

"ನಳ?"

"ಸದ್ಯ ಅಲ್ಲೇ ಐತಿ. ಮುಂದಿನ ಸಭಾಕ್ಕ ಮತ್ತ ತರ್ತಾರಂತ. ತರ್ಲಿ, ಓದಾಕ ನನಗೇನು ಅವಸರ?"

ಆ ವಾರವೆಲ್ಲ ಇಂದುಧರ ಕತ್ತರಿಸಿ ಇಟ್ಟಿದ್ದನ್ನು ಹುಡುಕಿ ಮೊದಲಿದ್ದ ಕಡೆ ಕೂರಿಸಿದ. ಮೌನ, ಹೂಂ, ಕೆಮ್ಮು. ಒಂಬತ್ತು ನಿಮಿಷದ ಪಾಠ ಮತ್ತೆ ಅರ್ಧ ತಾಸಾಯಿತು. ಕೊನೆಯ ಹೆಬ್ಬೆಟ್ಟಿನ ಮಾತು ತೆಗೆದು, ದಿನಾ ಬೆಳಿಗ್ಗೆ ಏಳಕ್ಕೆ ಫೋನು ಮಾಡಿರೆಂದು ಹೇಳಿದ.

"ಹೆಂಗ ನಡದೈತಿ?" ಎಂದು ಅಜ್ಜ ಕೇಳಿದರು.

"ವಿಡಿಯೊ ಕೆಟ್ಟಾವು, ನಡು ನಡುವ ನಿಲ್ಲತಾವು ಅಂತ ಬೈದು ಬರೀತಾರ್ರಿ. ಸಾವಿರಗಟ್ಟಲೆ ಮಂದಿ ಬಿಟ್ಟು ಹೋದ್ರು."

"ಏಳಕ್ಕ ಎಷ್ಟು ಮಂದಿ ಬರ್ತಾರ?"

"ಆರು ಮಂದಿ."

"ಹರಿಗೋಲಿನಷ್ಟು," ಎಂದು ಅಜ್ಜ ನಕ್ಕರು.

ಇಂದುಧರನೂ ನಕ್ಕ. ಮತ್ತೇನನ್ನೂ ಕೇಳದೆ ಫೋನು ಚಾರ್ಜಿಗೆ ಇಡಲು ಹೋದ.

ಮರುದಿನ ನಲವತ್ತೇಳನೆಯ ಪಾಠ. ಇಂದುಧರ ಸ್ಟ್ಯಾಂಡು ನಿಲ್ಲಿಸಿ ಫೋನು ಚಾಲೂ ಮಾಡಿದ. ಅಜ್ಜ ಬಂದರು. ತಮ್ಮ ಜಾಗಕ್ಕೆ ಹೋಗಲಿಲ್ಲ. ಮರಳಿನ ಈಚೆಗೆ, ಕಲಿಯುವವರು ಕೂರುವ ಕಡೆ, ಮಂಡಿ ಮಡಿಸಿ ಕೂತರು. ಕಡ್ಡಿಯನ್ನು ಆಚೆಗೆ ನೂಕಿದರು.

ಇಂದುಧರ ಕಡ್ಡಿ ನೋಡಿದ, ಅಜ್ಜನನ್ನು ನೋಡಿದ. ಆಚೆಗೆ ಹೋಗಿ ಕೂತು 'ನಳ' ಎಂದು ಬರೆದ. ಓದಿದ. ಸುಮ್ಮನಾದ.

ಅಜ್ಜ ಹುಟ್ಟಿದ ಮೇಲೆ ಅಕ್ಷರವನ್ನೇ ಕಾಣದವರ ಹಾಗೆ ಮರಳನ್ನು ನೋಡುತ್ತ ಕೂತರು. ಹೊಳೆ ಹರಿಯುತ್ತಿತ್ತು. ಫೋನಿನ ಕೆಂಪು ಚುಕ್ಕೆ ಮಿನುಗುತ್ತಿತ್ತು. ಆಚೆ ದಂಡೆಯಿಂದ ಹೊರಟ ಹರಿಗೋಲು ನಡುಹೊಳೆಗೆ ಬಂತು. ಇಂದುಧರನ ಕಡ್ಡಿ ಮೇಲೇಳಲಿಲ್ಲ.

ಅಜ್ಜ ತಲೆ ಎತ್ತಿದರು.

"ಊಹೂಂ. ತಿಳೀಲಿಲ್ಲ, ಮಾಸ್ತರ. ಇನ್ನೊಮ್ಮೆ ಹೇಳ್ರಿ."