ತಂಬಿಗೆಗೌರಿ ಸೋಡಾ ಕಂಡದ್ದು

ದೀಪದ ಕುಡಿ ಸರಿಮಾಡಿ, ತುಂಬಿದ ತಂಬಿಗೆಯನ್ನು ನಡುವೆ ಇಟ್ಟು, ಕೈಯಲ್ಲಿ ನಾಲ್ಕು ಕಾಳು ಅಕ್ಷತೆ ಹಿಡಿದು, ಮನಸ್ಸನ್ನು ಅತ್ತಿತ್ತ ಬಿಡದೆ ಕೇಳಿರಿ. ಕೈಯಲ್ಲಿ ಬೇರೇನಾದರೂ ಇದ್ದರೆ ಕೆಳಗಿಡಿರಿ. ಅದು ಬೇಕೋ ಬೇಡವೋ ಎಂಬುದನ್ನು ಕಥೆ ಮುಗಿದ ಮೇಲೆ ನೋಡೋಣ.

ಧಾರವಾಡ ಸೀಮೆಯ ಒಂದು ಊರಿನಲ್ಲಿ ಸಂಗನಬಸಪ್ಪನೆಂಬ ಗೃಹಸ್ಥನೂ ಅವನ ಹೆಂಡತಿ ಚಂಪವ್ವನೂ ಇದ್ದರು. ಚಂಪವ್ವ ಕಸೂತಿಯಲ್ಲಿ ಎತ್ತಿದ ಕೈ. ಬಟ್ಟೆಯ ಮೇಲೆ ಗೆರೆ ಎಳೆಯದೆ, ನೂಲಿಗೆ ಗಂಟು ಹಾಕದೆ, ನೆಯ್ಗೆಯ ಎಳೆಗಳನ್ನು ಕಣ್ಣಳತೆಯಲ್ಲೇ ಎಣಿಸುತ್ತ, ಸೀರೆಯ ಮೇಲೆ ಗೋಪುರ, ಆನೆ, ತುಳಸಿಕಟ್ಟೆ ಎಬ್ಬಿಸುವಳು. ಸೂಜಿ ಒಂದು ಹೆಜ್ಜೆ ಹಾಕಿ ಒಂದು ಹೆಜ್ಜೆ ಬಿಟ್ಟು ಸುತ್ತಿ ಹೋಗಿ, ಬಿಟ್ಟ ಹೆಜ್ಜೆಗಳನ್ನೆಲ್ಲ ತುಂಬುತ್ತ ಹಿಂದಿರುಗಿ, ಹೊರಟಲ್ಲಿಗೇ ಬಂದು ಸೇರಬೇಕು. ಹಾಗೆ ಸೇರಿದರೆ ಸೀರೆಯ ಒಳಮೈಯೂ ಹೊರಮೈಯೂ ಒಂದೇ ಆಗಿ ಕಾಣುವುದು. ಒಂದು ಎಳೆ ತಪ್ಪಿದರೂ ಗೋಪುರ ಕೂಡುವುದಿಲ್ಲ.

ಆ ಮನೆಯಲ್ಲಿ ಅತ್ತೆಯ ಕಾಲದಿಂದ ತಂಬಿಗೆಗೌರಿಯ ವ್ರತ ನಡೆದು ಬಂದಿತ್ತು. ಶ್ರಾವಣದ ಶುಕ್ರವಾರಗಳಂದು ತಾಮ್ರದ ತಂಬಿಗೆಗೆ ನೀರು ತುಂಬಿ, ಅದನ್ನೇ ಗೌರಿಯೆಂದು ಪೂಜಿಸಿ, ಕಥೆ ಕೇಳಿ, ಆ ನೀರನ್ನು ದಿನವಿಡೀ ಕುಡಿಯುವುದು ಅದರ ಕ್ರಮ. ಅತ್ತೆ ತೀರಿಕೊಂಡ ಮೇಲೆ ಚಂಪವ್ವ, ನೀರಿಗೂ ಒಂದು ವ್ರತವೇ ಎಂದು ನಕ್ಕು, ತಂಬಿಗೆಯನ್ನು ಅಟ್ಟಕ್ಕೆ ಹಾಕಿದಳು. ಅದೇ ಬೇಸಿಗೆಯಲ್ಲಿ ಬೀಗರ ಮದುವೆಯೊಂದರಲ್ಲಿ ಯಾರೋ ಅವಳ ಕೈಗೆ ಕಿತ್ತಳೆ ಬಣ್ಣದ ಸೋಡಾ ಬಾಟಲಿ ಕೊಟ್ಟರು. ಮೊದಲ ಗುಟುಕಿಗೇ ನಾಲಗೆಯ ಮೇಲೆ ಸೂಜಿಯಾಡಿದಂತಾಗಿ, ಮೂಗಿಗೇರಿ, ಕಣ್ಣಲ್ಲಿ ನೀರು ಬಂದು, ಅವಳಿಗೆ ಬಲು ಹಿಡಿಸಿತು. ದಿನಕ್ಕೊಂದು ಇದ್ದದ್ದು ಎರಡಾಗಿ, ಎರಡು ಮೂರಾಗಿ, ಬಾಟಲಿ ಮಗ್ಗುಲಲ್ಲಿಲ್ಲದೆ ಸೂಜಿಗೆ ನೂಲು ಏರದೆಂಬಂತಾಯಿತು. ಸಂಗನಬಸಪ್ಪನೂ ಬೇಡವೆನ್ನಲಿಲ್ಲ, ಏಕೆಂದರೆ ಕಡೆಯ ಗುಟುಕು ಅವನ ಪಾಲಿಗೆ ಬರುತ್ತಿತ್ತು.

ಹೀಗೆ ವರ್ಷಗಳು ಉರುಳಲಾಗಿ ಅವರ ಮಗಳು ಮಾಣಿಕವ್ವ ಬಸುರಾದಳು. ಏಳನೆಯ ತಿಂಗಳಲ್ಲಿ ಬಸುರಿಗೆ ಮಾಡುವ ಕುಬಸದಲ್ಲಿ ತಾಯಿ ತನ್ನ ಕೈಯಾರೆ ಕಸೂತಿ ಹಾಕಿದ ಸೀರೆ ಉಡಿಸುವುದು ಆ ಮನೆತನದ ರೂಢಿ. ಚಂಪವ್ವ ಹಸಿರು ಇಳಕಲ್ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಳು. ಕೂತರೆ ಎಳೆಗಳೆಲ್ಲ ಮಂಜು ಮಂಜು. ಗೋಪುರ ಸುತ್ತಿ ಹಿಂದಿರುಗಿದ ನೂಲು ಒಂದೆಳೆ ಆಚೆ ಬಂದು ನಿಂತಿತು. ಬಿಚ್ಚಿದಳು, ಮತ್ತೆ ಹಾಕಿದಳು, ಮತ್ತೆ ತಪ್ಪಿತು. ಎಡವಿ ಕಾಲಿಗೆ ಆಗಿದ್ದ ಗಾಯ ತಿಂಗಳಾದರೂ ಮಾಯಲಿಲ್ಲ. ಎಷ್ಟು ಕುಡಿದರೂ ನೀರಡಿಕೆ ಹೋಗಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಸಕ್ಕರೆ ಏರಿದೆಯೆಂದೂ, ಮಾತ್ರೆ ತಪ್ಪಿಸದೆ ನುಂಗಿ ಬಾಟಲಿ ಬಿಟ್ಟರೆ ಮಂಜು ತಿಳಿಯಾದೀತೆಂದೂ, ಬಿಡದಿದ್ದರೆ ಕಣ್ಣಿಗೇ ಸಂಚಕಾರವೆಂದೂ ಹೇಳಿ ಕಳಿಸಿದರು. ಚಂಪವ್ವ ಮನೆಗೆ ಬಂದು ಆ ಮಾತ್ರೆಯನ್ನು ಸೋಡಾದ ಗುಟುಕಿನಿಂದಲೇ ನುಂಗಿದಳು. ನಗಬೇಡಿರಿ, ಇಲ್ಲಿ ಕೂತವರಲ್ಲೂ ಅಂಥವರಿದ್ದಾರೆ. ಸೀರೆ ಹಾಗಿರಲಿ, ಹುಟ್ಟುವ ಮೊಮ್ಮಗುವಿನ ಮೂಗು ಯಾರ ಹಾಗಿದೆಯೆಂದು ಕಾಣದೇ ಹೋದರೆ ತನ್ನ ಗತಿಯೇನೆಂದು ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಬಾಯಾರಿ ಮತ್ತೊಂದು ಬಾಟಲಿ ತೆಗೆದಳು.

ಶ್ರಾವಣದ ಮೊದಲ ಶುಕ್ರವಾರ ಮಧ್ಯಾಹ್ನ ಹಣ್ಣುಹಣ್ಣು ಮುದುಕಿಯೊಬ್ಬಳು ಬಂದು, ಮನೆಯ ಕಟ್ಟೆಯ ಮೇಲೆ ಕೂತು, ಒಂದು ತಂಬಿಗೆ ನೀರು ಬೇಡಿದಳು. ಒಳಗೆ ಕೊಡಗಳೆಲ್ಲ ಬರಿದಾಗಿದ್ದವು. ಚಂಪವ್ವ ನಾಚಿಕೊಂಡು ಸೋಡಾ ಬಾಟಲಿಯನ್ನೇ ತಂದು ಕೊಟ್ಟಳು. ಮುದುಕಿ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು, ಅಲುಗಿಸಿದಳು, ಮುಚ್ಚಳವನ್ನು ತುಸುವೇ ಸಡಿಲಿಸಿ ಕಿವಿಗೆ ಹಚ್ಚಿಕೊಂಡು ಬೆರಗಾದಳು.

“ಒಳಗ ಯಾರೋ ಪಿಸಿಪಿಸಿ ಮಾತಾಡಾಕ ಹತ್ಯಾರಲ್ಲವಾ! ಏನಂತಾರ?”

“ಏನೂ ಅನ್ನೂದಿಲ್ಲ ಆಯಿ, ಬರೇ ಗುಳ್ಳಿ ಅವು.”

“ಗುಳ್ಳಿ ಹೋದ ಮ್ಯಾಲ ಏನ ಉಳಿತೈತಿ?”

ಇಷ್ಟು ವರ್ಷ ಕುಡಿದರೂ ಚಂಪವ್ವನಿಗೆ ಅದು ಗೊತ್ತಿರಲಿಲ್ಲ. ಗುಳ್ಳೆ ಹೋಗುವ ತನಕ ಅವಳು ಯಾವತ್ತು ಕಾದಿದ್ದಳು? ಆಗ ಮುದುಕಿ, ದೇವರ ಮುಂದೆ ಇಡದೆ ತಾನು ಏನನ್ನೂ ಬಾಯಿಗೆ ಹಾಕುವವಳಲ್ಲವೆಂದೂ, ತೆಂಗಿನಕಾಯಿಯನ್ನು ಕೂಡ ಒಡೆದೇ ಇಡುವುದರಿಂದ ಮುಚ್ಚಿದ ಬಾಟಲಿ ನೈವೇದ್ಯಕ್ಕೆ ಸಲ್ಲದೆಂದೂ ಹೇಳಿ, ಅದನ್ನು ಬೋಗುಣಿಗೆ ಸುರಿಸಿ, ದೀಪದ ಮುಂದೆ ಇಡಿಸಿ, ಒಂದು ಬತ್ತಿ ಉರಿದು ತೀರುವವರೆಗೆ ನೋಡುತ್ತ ಕೂರೋಣವೆಂದಳು. ಇಬ್ಬರೂ ಕೂತರು. ಮೊದಲು ಬುಸುಬುಸು ಎಂದಿತು, ಆಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದಿತು, ಆಮೇಲೆ ಸದ್ದಡಗಿತು. ಎಲ್ಲಿಂದಲೋ ಇರುವೆಗಳು ಸಾಲುಗಟ್ಟಿ ಬಂದವು. ಚಂಪವ್ವ ಬೆರಳದ್ದಿ ನೆಕ್ಕಿದರೆ, ನಾಲಗೆಯ ಮೇಲೆ ಸೂಜಿಯಾಡಲಿಲ್ಲ, ತಂಪೂ ಇರಲಿಲ್ಲ, ತುಟಿಗೆ ತುಟಿ ಅಂಟುವಂಥ ಸಿಹಿ ಮಾತ್ರ ಇತ್ತು.

ಈ ಸಿಹಿ ಇಷ್ಟು ದಿನ ಎಲ್ಲಿ ಅಡಗಿತ್ತೆಂದು ಅವಳಿಗೆ ಸೋಜಿಗವಾಯಿತು. ಸೋಜಿಗ ತಡೆಯಲಾರದೆ ಬೋಗುಣಿಯನ್ನು ಒಯ್ದು ಒಲೆಯ ಮೇಲಿಟ್ಟಳು. ಕುದಿದು ಕುದಿದು, ಇಂಗಿ ಇಂಗಿ, ಕಡೆಗೆ ತಳದಲ್ಲಿ ಉಳಿದದ್ದನ್ನು ಎರಡು ಬೆರಳ ನಡುವೆ ಹಿಡಿದು ನೋಡಿದರೆ, ಬೂಂದಿ ಲಾಡುವಿಗೆ ಹಾಕುವಂಥ ಪಾಕ! ದಿನಕ್ಕೆ ಮೂರು ಬಾಟಲಿಯಾದರೆ ಎಷ್ಟು ಲಾಡು ಕಟ್ಟಬಹುದೆಂದು ಎಣಿಸಹೋದರೆ ಅವಳ ಕೈಬೆರಳು ಸಾಲಲಿಲ್ಲ. ಬೋಗುಣಿ ಹಿಡಿದು ಹೊರಗೆ ಓಡಿ ಬಂದು ತೋರಿಸಲು, ಮುದುಕಿ ಚೂರು ಚೀಪಿ ತಲೆಯಾಡಿಸಿದಳು.

“ಪಾಕ ಚಲೋ ಬಂದೈತಿ. ಆದ್ರ ನಾ ಬೇಡಿದ್ದು ನೀರಲ್ಲೇನ ಮಗಳ?”

ಚಂಪವ್ವನಿಗೆ ನೆಲ ಬಿರಿದರೆ ಇಳಿದುಹೋಗಬೇಕೆನಿಸಿತು. ಅಟ್ಟ ಹತ್ತಿ, ತಂಬಿಗೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿತ್ತಲ ಬಾವಿಯಿಂದ ನೀರು ತಂದು ಕೊಟ್ಟಳು. ಮುದುಕಿ ಒಂದೇ ಉಸಿರಿಗೆ ಅಷ್ಟನ್ನೂ ಕುಡಿದು, ತಂಬಿಗೆ ಕೆಳಗಿಟ್ಟು, ವ್ರತದ ಕ್ರಮ ಹೇಳಿದಳು. ಸೋಡಾ ಕುಡಿಯಬೇಕೆನಿಸಿದಾಗಲೆಲ್ಲ ಮುಚ್ಚಳ ತೆಗೆದು, ಪಾತ್ರೆಗೆ ಸುರಿದು, ದೀಪದ ಮುಂದೆ ಇಟ್ಟು, ಒಂದು ಬತ್ತಿ ತೀರುವವರೆಗೆ ಕಾಯಬೇಕು. ಕಾಯುತ್ತ ತಂಬಿಗೆಯ ನೀರು ಕುಡಿಯಬೇಕು. ಡಾಕ್ಟರು ಕೊಟ್ಟ ಮಾತ್ರೆಯನ್ನೂ ಆ ನೀರಿನಿಂದಲೇ ನುಂಗಬೇಕು. ಬತ್ತಿ ತೀರಿದ ಮೇಲೂ ಅದು ಬೇಕೆನಿಸಿದರೆ ಕುಡಿಯಲಿಕ್ಕೆ ಅಡ್ಡಿಯಿಲ್ಲ. ಇಷ್ಟು ಕೇಳಿ ಚಂಪವ್ವ ನಮಸ್ಕಾರಕ್ಕೆ ಬಾಗಿ ಏಳುವಷ್ಟರಲ್ಲಿ ಕಟ್ಟೆ ಬರಿದಾಗಿತ್ತು, ಬರಿದಾಗಿದ್ದ ತಂಬಿಗೆ ತುಂಬಿತ್ತು. ಬಂದವಳು ಗೌರಿಯೆಂದು ಆಗ ಅವಳಿಗೆ ತಿಳಿಯಿತು.

ಅಂದಿನಿಂದ ವ್ರತ ಹಿಡಿದಳು. ತಲೆ ಸಿಡಿಯಿತು, ಸಿಡುಕು ಹೆಚ್ಚಿತು, ಸಂಗನಬಸಪ್ಪ ಕಾರಣವಿಲ್ಲದೆ ಬೈಸಿಕೊಂಡ. ಆದರೂ ಎರಡು ಶುಕ್ರವಾರ ದಾಟಿದವು. ಮೂರನೆಯ ಶುಕ್ರವಾರ ನೆರೆಮನೆಯ ತೊಟ್ಟಿಲ ಕಾರ್ಯದಲ್ಲಿ ತಣ್ಣನೆಯ ಬಾಟಲಿ ಕೈಗೆ ಬಂದದ್ದೇ ತಡ, ಸುರಿಯುವುದೂ ಇಲ್ಲ, ಕಾಯುವುದೂ ಇಲ್ಲ, ಗಟಗಟನೆ ಅಷ್ಟೂ ಕುಡಿದುಬಿಟ್ಟಳು. ಮನೆಗೆ ಬಂದು, ವ್ರತ ಕೆಟ್ಟಿತು, ತನ್ನಂಥವಳಿಗೆ ಇದು ಒಗ್ಗದು ಎಂದು ಕಣ್ಣೊರೆಸಿಕೊಳ್ಳುತ್ತ ತಂಬಿಗೆ ಹಿಡಿದು ಅಟ್ಟದ ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದಿದ್ದ ಸಂಗನಬಸಪ್ಪ ತಲೆಯೆತ್ತಿ ಹೇಳಿದ.

“ಒಂದ ಎಳಿ ತಪ್ಪಿದ್ರ ಸೀರಿ ಸುಡತಿ ಏನ? ತಪ್ಪಿದಲ್ಲಿ ತನಕ ಬಿಚ್ಚತಿ, ಮುಂದ ಹಾಕತಿ. ಇಳಿ ಕೆಳಗ.”

ಚಂಪವ್ವ ತಂಬಿಗೆ ಹಿಡಿದುಕೊಂಡೇ ಏಣಿ ಇಳಿದಳು. ಇಳಿದು ಬಾವಿಗೆ ಹೋದಳು. ಆಮೇಲೂ ಒಂದೆರಡು ಸಲ ತಪ್ಪಿದಳು, ತಪ್ಪಿದಾಗಲೆಲ್ಲ ಮರುದಿನ ಮತ್ತೆ ಹಿಡಿದಳು. ಸಂಗನಬಸಪ್ಪನ ಕಡೆಯ ಗುಟುಕೂ ತಾನಾಗಿ ನಿಂತಿತು. ದೀಪಾವಳಿಯ ಹೊತ್ತಿಗೆ ಗಾಯ ಮಾಗಿ, ನೀರಡಿಕೆ ತಗ್ಗಿ, ಕಣ್ಣ ಮಂಜು ತಿಳಿಯಾಯಿತು. ಒಂದು ಬೆಳಿಗ್ಗೆ ಗೋಪುರ ಸುತ್ತಿ ಹಿಂದಿರುಗಿದ ನೂಲು ಹೊರಟಲ್ಲಿಗೇ ಬಂದು ಸೇರಲು, ಚಂಪವ್ವ ಅದರ ಮೇಲೆ ಹೆಬ್ಬೆರಳಿಟ್ಟು ಗಂಡನನ್ನು ಕೂಗಿ ಕೂಗಿ ಕರೆದಳು.

ಕುಬಸಕ್ಕೆ ಬಂದ ಮುತ್ತೈದೆಯರು ಸೆರಗು ಮಗುಚಿ ಮಗುಚಿ ನೋಡಿ, ಒಳಮೈ ಯಾವುದು ಹೊರಮೈ ಯಾವುದೆಂದು ತಿಳಿಯದೆ ಸೋತರು. ಬಯಕೆ ಏನೆಂದು ಕೇಳಿದರೆ ಮಾಣಿಕವ್ವ ಕಿತ್ತಳೆ ಸೋಡಾ ಎಂದಳು. ತಾಯಿಯ ಮಗಳಲ್ಲವೇ! ಚಂಪವ್ವ ಬೈಯಲಿಲ್ಲ. ಬಾಟಲಿ ತರಿಸಿ, ಬೋಗುಣಿಗೆ ಸುರಿದು, ದೀಪದ ಮುಂದೆ ಇಟ್ಟಳು. ಹಾಡುತ್ತಿದ್ದವರೆಲ್ಲ ಹಾಡು ನಿಲ್ಲಿಸಿ, ಇದೇನು ಹೊಸ ಪೂಜೆಯೆಂದು ಬಗ್ಗಿ ನೋಡತೊಡಗಿದರು. ಬತ್ತಿ ತೀರಿತು, ಗುಳ್ಳೆ ತೀರಿತು. ಮಾಣಿಕವ್ವ ಬೋಗುಣಿಗೆ ಬೆರಳದ್ದಿ ನೆಕ್ಕಿ, ಮುಖ ಕಿವುಚಿ, ತಂಬಿಗೆಗೆ ಕೈ ಚಾಚಿದಳು. ದಿನ ತುಂಬಿ ಹೆಣ್ಣುಮಗು ಹುಟ್ಟಲು, ಮೂಗು ಥೇಟ್ ಸಂಗನಬಸಪ್ಪನದೇ ಎಂದು ಎಲ್ಲರಿಗಿಂತ ಮೊದಲು ಕಂಡುಹಿಡಿದವಳು ಚಂಪವ್ವ.

ಈ ಕಥೆ ಹೇಳಿದವರಿಗೂ, ಕೇಳಿದವರಿಗೂ, ನಡುವೆ ತೂಕಡಿಸಿ ಕಡೆಗೆ ಎಚ್ಚರವಾದವರಿಗೂ ತಂಬಿಗೆಗೌರಿ ಚಂಪವ್ವನಿಗೆ ಕೊಟ್ಟ ಕಣ್ಣನ್ನೇ ಕೊಡಲಿ. ತಪ್ಪಿದವರಿಗೆ ಬಿಚ್ಚಿ ಮತ್ತೆ ಹಾಕುವ ತಾಳ್ಮೆ ಕೊಡಲಿ. ಕೈಯ ಅಕ್ಷತೆಯನ್ನು ತಂಬಿಗೆಯ ಮುಂದೆ ಹಾಕಿ, ಒಂದೊಂದು ಲೋಟ ನೀರು ಕುಡಿಯಿರಿ. ಬಾಟಲಿ ತಂದವರು ಸುರಿದು ದೀಪದ ಮುಂದೆ ಇಡಿರಿ. ಬತ್ತಿ ಇನ್ನೂ ಉರಿಯುತ್ತಿದೆ, ಕೂತು ನೋಡೋಣ.